ಗದುಗಿನಲ್ಲಿ ಕಾಲ್ನಡಿಗೆ

ಗದುಗಿಗೆ ಬಂದ ಪ್ರವಾಸಿಗರು ಇಳಿದೊಡನೆ ಲಕ್ಕುಂಡಿಯ ದಾರಿ ಹಿಡಿಯುವುದು ರೂಢಿ. ಲಕ್ಕುಂಡಿ ತಪ್ಪಿಸಬಾರದ ಊರೇ ಸರಿ. ಆದರೆ ಗದುಗಿನ ಓಣಿಗಳಲ್ಲಿ ಅರ್ಧ ದಿನ ನಡೆದವರಿಗೆ ಇತಿಹಾಸದ ಒಂದು ತೊಡಕು ಎದುರಾಗುತ್ತದೆ.

ಮೊದಲು ತ್ರಿಕೂಟೇಶ್ವರ. ಒಂದೇ ಪೀಠದ ಮೇಲೆ ಮೂರು ಲಿಂಗಗಳು. ಅದೇ ಆವರಣದಲ್ಲಿ ಸರಸ್ವತಿಯ ಗುಡಿ. ಅಲ್ಲಿಯ ಕಂಬಗಳ ಕುಸುರಿಗೆ ಕಣ್ಣು ಸೋಲುತ್ತದೆ, ಭಗ್ನಳಾದ ದೇವಿಯನ್ನು ಕಂಡು ಮನಸ್ಸು ಮುದುಡುತ್ತದೆ. ಹೊಯ್ಸಳ ವೀರಬಲ್ಲಾಳನ ಶಕವರ್ಷ 1114ರ, ಎಂದರೆ ಕ್ರಿ.ಶ. 1192ರ, ಶಾಸನ ಈ ದೇವಾಲಯದ್ದೇ. ಸೇವುಣ ಭಿಲ್ಲಮನ ಬಲಗೈಯಂತಿದ್ದ ಜೈತ್ರಸಿಂಹನನ್ನು ಸದೆಬಡಿದು ಕುಂತಳವನ್ನು ಪಡೆದ ಹೆಮ್ಮೆ ಅದರಲ್ಲಿದೆ. ಅರಸ, ವರ್ಷ, ವೈರಿ, ಎಲ್ಲವೂ ಖಚಿತ.

ಅಲ್ಲಿಂದ ವೀರನಾರಾಯಣನ ಗುಡಿಗೆ ನಡೆದರೆ ಬೇರೆಯೇ ಲೋಕ. ಕೋಳಿವಾಡದ ಕವಿ ಕುಮಾರವ್ಯಾಸ ಮಿಂದು ಬಂದು, ಒದ್ದೆ ಬಟ್ಟೆಯಲ್ಲೇ ಕಂಬಕ್ಕೊರಗಿ, ಅದು ಆರುವತನಕ ಭಾರತವನ್ನು ಹೇಳುತ್ತಿದ್ದನಂತೆ. ಜನ ಆ ಕಂಬವನ್ನು ತೋರಿಸುತ್ತಾರೆ. ಇದಕ್ಕೆ ಶಾಸನದ ಸಾಕ್ಷಿಯಿಲ್ಲ. ಕವಿಯ ಕಾಲವನ್ನೇ ವಿದ್ವಾಂಸರು ಬಹಳ ಚರ್ಚಿಸಿ, 1430ರ ಸುಮಾರೆಂದು ಹೇಳಬೇಕಾಯಿತು.

“ಕಂಬದ ಕತೆ ಖರೇ ಏನ್ರೀ ಸರ?” ಎಂದು ನನ್ನ ವಿದ್ಯಾರ್ಥಿಗಳು ಕೇಳುವುದುಂಟು. ಕತೆಗೆ ನಾನು ಜಾಮೀನು ನಿಲ್ಲಲಾರೆ. ಆದರೆ ಹತ್ತು ಪರ್ವಗಳ ಆ ಭಾಮಿನಿ ಷಟ್ಪದಿಗೆ ಕವಿ ಇಟ್ಟ ಅಂಕಿತ ಗದುಗಿನ ವೀರನಾರಾಯಣನದು. ಓಲೆಗರಿಯ ಈ ಸಾಕ್ಷಿ ಕಲ್ಲಿನದಕ್ಕಿಂತ ಕಡಿಮೆಯೆಂದು ನಾನು ಒಪ್ಪುವುದಿಲ್ಲ. ಬಲ್ಲಾಳನ ಶಾಸನವನ್ನು ಓದಬಲ್ಲವರು ಇಂದು ಕೆಲವರೇ. ಗದುಗನ್ನು ಕಾಣದ ಹಳ್ಳಿಗರೂ ಊರಿನ ಹೆಸರನ್ನು ಕೇಳಿದ್ದು ಗಮಕಿಯ ಬಾಯಿಂದ.