ಜನರಿಂದಲೇ ಆದ ದೊರೆ: ಒಂದು ಮುಖಪುಟದ ಕಥೆ

ಫೋನ್ ಕೈಯಲ್ಲೇ ಇದೆಯಲ್ಲ, 'ಲೆವಿಯಾಥನ್ ಮುಖಪುಟ' ಅಂತ ಹುಡುಕಿ. ಬೆಟ್ಟಗಳ ಹಿಂದಿನಿಂದ ಕಿರೀಟ ಇಟ್ಟುಕೊಂಡ ದೈತ್ಯನೊಬ್ಬ ಎದ್ದು ನಿಂತಿದ್ದಾನೆ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಬಿಷಪ್ಪರ ದಂಡ. ಮೈಮೇಲೆ ಕವಚ ಇದ್ದ ಹಾಗೆ ಕಾಣುತ್ತೆ. ಈಗ ಝೂಮ್ ಮಾಡಿ. ಅದು ಕವಚ ಅಲ್ಲ, ಜನ! 300ಕ್ಕೂ ಹೆಚ್ಚು ಪುಟ್ಟ ಮನುಷ್ಯರು ಒತ್ತೊತ್ತಾಗಿ ಸೇರಿ ಅವನ ಎದೆ, ತೋಳು ಆಗಿದ್ದಾರೆ.

ಇದು 1651ರಲ್ಲಿ ಲಂಡನ್ನಿನಲ್ಲಿ ಅಚ್ಚಾದ, ಥಾಮಸ್ ಹಾಬ್ಸ್ ಬರೆದ ಪುಸ್ತಕ. ಆಗ ಇವತ್ತಿನ ಹಾಗೆ ಬಣ್ಣದ ರಕ್ಷಾಪುಟ ಇರಲಿಲ್ಲ; ಪುಸ್ತಕ ತೆರೆದರೆ ಮೊದಲು ಕಾಣೋದೇ ಈ ಚಿತ್ರ. ತಾಮ್ರದ ಹಲಗೆಯ ಮೇಲೆ ಇದನ್ನ ಕೊರೆದವನು ಫ್ರಾನ್ಸಿನ ಅಬ್ರಹಾಂ ಬಾಸ್ ಅಂತಾರೆ ಇತಿಹಾಸಕಾರರು. ಹಾಬ್ಸ್ ಆಗ ಪ್ಯಾರಿಸ್‌ನಲ್ಲೇ ಇದ್ದ.

ಯಾಕೆ ಅಲ್ಲಿದ್ದ? ಇಂಗ್ಲೆಂಡ್ ಹೊತ್ತಿ ಉರೀತಿತ್ತು. 1642ರಲ್ಲಿ ಅಂತರ್ಯುದ್ಧ ಶುರುವಾಯ್ತು. 1649ರಲ್ಲಿ ದೊರೆ ಒಂದನೇ ಚಾರ್ಲ್ಸ್‌ನ ತಲೆಯನ್ನೇ ಕಡಿದರು. ಅದಕ್ಕೂ ಮುಂಚೆ, 1640ರಲ್ಲೇ, ಹಾಬ್ಸ್ ಪ್ರಾಣಭಯದಿಂದ ದೇಶ ಬಿಟ್ಟಿದ್ದ. ಅವನ ಪ್ರಶ್ನೆ ಒಂದೇ: ಜನ ಒಬ್ಬರನ್ನೊಬ್ಬರು ಕೊಲ್ಲದೆ ಒಟ್ಟಿಗೆ ಬದುಕೋದು ಹೇಗೆ? ಎಲ್ಲರೂ ಒಪ್ಪಂದ ಮಾಡಿಕೊಂಡು ತಮ್ಮ ಶಕ್ತಿಯನ್ನ ಒಬ್ಬ ಪ್ರಭುವಿಗೆ ಒಪ್ಪಿಸಬೇಕು ಅನ್ನೋದು ಅವನ ಉತ್ತರ. ನೂರಾರು ಪುಟಗಳ ವಾದವನ್ನ ಚಿತ್ರ ಒಂದೇ ನೋಟದಲ್ಲಿ ಹೇಳಿಬಿಡುತ್ತೆ. ಪ್ರಭು ಆಕಾಶದಿಂದ ಇಳಿದವನಲ್ಲ, ಜನರಿಂದಲೇ ಆದವನು.

ಈಗ ಕೆಳಗಿನ ಊರು ನೋಡಿ. ಬೀದಿಗಳು ಹೆಚ್ಚುಕಡಿಮೆ ಖಾಲಿ. ಕೆಲವು ಸೈನಿಕರಿದ್ದಾರೆ. ಚರ್ಚ್ ಹತ್ತಿರ ಕೊಕ್ಕಿನ ಮುಖವಾಡ ತೊಟ್ಟ ಇಬ್ಬರಿದ್ದಾರೆ. ಅವರು ಪ್ಲೇಗ್ ವೈದ್ಯರು ಅನ್ನೋದು ಹಲವರ ಅಭಿಪ್ರಾಯ. ಹಾಗಾದ್ರೆ ಊರಿನ ಜನ ಎಲ್ಲಿ? ಎಲ್ಲರೂ ದೈತ್ಯನ ಮೈಯೊಳಗೆ!

ಇನ್ನೊಂದು ಸಂಗತಿ ಇದೆ. ಹಾಬ್ಸ್ ಒಂದು ಕೈಬರಹದ ಪ್ರತಿ ಮಾಡಿಸಿ, ಸತ್ತ ದೊರೆಯ ಮಗ ಎರಡನೇ ಚಾರ್ಲ್ಸ್‌ಗೆ ಕೊಟ್ಟ. ಹಿಂದೆ ಈ ಹುಡುಗನಿಗೆ ಗಣಿತ ಹೇಳಿಕೊಟ್ಟವನೂ ಅವನೇ. ಆ ಪ್ರತಿಯ ಚಿತ್ರದಲ್ಲಿ ಜನರ ಮುಖಗಳು ಹೊರಗೆ, ನೋಡುವವರ ಕಡೆಗೆ ತಿರುಗಿವೆ. ಅಚ್ಚಾದ ಪುಸ್ತಕದಲ್ಲಿ ಅವರೆಲ್ಲ ನಮಗೆ ಬೆನ್ನು ಹಾಕಿ ದೊರೆಯ ಮುಖವನ್ನೇ ನೋಡ್ತಿದ್ದಾರೆ.

ಈ ವ್ಯತ್ಯಾಸ ಸಣ್ಣದಲ್ಲ. ದೊರೆ ಓದುವ ಪ್ರತಿಯಲ್ಲಿ ಜನ ಅವನನ್ನೇ ದಿಟ್ಟಿಸಿ ನೋಡ್ತಾರೆ. ಜನ ಓದುವ ಪ್ರತಿಯಲ್ಲಿ ನಾವೂ ಆ ಗುಂಪಿನ ಹಿಂದೆ ನಿಂತು ತಲೆ ಎತ್ತಿ ನೋಡಬೇಕು. ಕೊಟ್ಟ ಒಪ್ಪಿಗೆಯನ್ನ ಬೇಕೆಂದಾಗ ವಾಪಸ್ ಪಡೆಯೋ ಹಾಗಿಲ್ಲ ಅಂದಿದ್ದ ಹಾಬ್ಸ್. ಆದರೆ ಪ್ರಭುವಿಗೆ ಜನರನ್ನ ಕಾಪಾಡೋಕೆ ಆಗದಿದ್ದರೆ, ಅವನ ಮಾತು ಕೇಳುವ ಹೊಣೆಯೂ ಮುಗೀತು ಅಂತಲೂ ಬರೆದ.

ಸರ್ಕಾರ ಅಂದ ಕೂಡಲೇ ನಮಗೆ ಕಾಣೋದು ಮೇಲಿನ ಆ ಒಂದು ಮುಖ. ಮುಂದಿನ ಸಲ ಸ್ವಲ್ಪ ಝೂಮ್ ಮಾಡಿ. ಕತ್ತಿ ಹಿಡಿದ ಆ ತೋಳೂ ನಮ್ಮಿಂದಲೇ ಆದದ್ದು.