ಚಿನ್ನದ ಗಣಿಯೂ ನಮ್ಮೂರ ಹಾಲೂ



ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಕಾರ್ಯದರ್ಶಿಗಳು ಎರಡು ಸಲ ಮನೆಗೆ ಬಂದರು. ನಾವು ಎಸ್.ಎಸ್.ಎಲ್.ಸಿ.ವರೆಗೆ ಓದಿದ ರೈತರು, ಬರವಣಿಗೆ ಅಭ್ಯಾಸವಿಲ್ಲ. ಆದರೂ ಗಣಿ ಮುಚ್ಚಿದ ವರ್ಷವೇ ನಮ್ಮ ಹಾಲಿನ ಸಂಘ ಶುರುವಾದದ್ದು ಯಾಕೆ ಎಂಬುದು ಈಗಿನ ಹುಡುಗರಿಗೆ ತಿಳಿಯದು. ಅದಕ್ಕೇ ಕೋಲಾರ ಚಿನ್ನದ ಗಣಿಯ ವಿಚಾರ ಬರೆಯುತ್ತಿದ್ದೇವೆ.

ಈ ಸೀಮೆಯಲ್ಲಿ ಚಿನ್ನ ಇದೆಯೆಂದು ಬಿಳಿಯರು ಬಂದು ಕಂಡುಹಿಡಿದರು ಅನ್ನುವುದು ಅರ್ಧ ಸತ್ಯ. 1802ರಲ್ಲಿ ವಾರನ್ ಎಂಬ ಅಧಿಕಾರಿ ಸರ್ವೆಗೆ ಬಂದಾಗ ಊರಗಾಮು, ಮಾರಿಕುಪ್ಪಂ ಕಡೆಯ ಹಳ್ಳಿಯವರೇ ಮಣ್ಣು ತೊಳೆದು ಚಿನ್ನದ ಕಣ ತೆಗೆದು ತೋರಿಸಿದರು. ಆತ ಬರೆದಿಟ್ಟದ್ದನ್ನು ಓದಿ ಬೆಂಗಳೂರು ದಂಡಿನಲ್ಲಿದ್ದ ಲ್ಯಾವೆಲ್ ಎಂಬ ನಿವೃತ್ತ ಸೈನಿಕ 1871ರಲ್ಲಿ ಎತ್ತಿನ ಗಾಡಿ ಕಟ್ಟಿಕೊಂಡು ಬಂದ. 1875ರಲ್ಲಿ ಪರವಾನಗಿ ಪಡೆದ, ಆದರೆ ಬಂಡವಾಳ ಸಾಲಲಿಲ್ಲ. ಬೆಂಗಳೂರಿನ ಲ್ಯಾವೆಲ್ ರಸ್ತೆಗೆ ಅವನದೇ ಹೆಸರು. ಗಣಿ ನಿಜವಾಗಿ ಎದ್ದದ್ದು 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ. 1894ರ ಹೊತ್ತಿಗೆ ಬೌರಿಂಗ್‌ಪೇಟೆಯಿಂದ, ಅಂದರೆ ನಮ್ಮ ಬಂಗಾರಪೇಟೆಯಿಂದ, ಮಾರಿಕುಪ್ಪಂಗೆ ರೈಲೂ ಬಂತು.

ಇನ್ನು ಕರೆಂಟಿನ ಮಾತು. 1902ರ ಜೂನ್ 30ರಂದು ಶಿವನಸಮುದ್ರದಿಂದ 92 ಮೈಲಿ ತಂತಿ ಎಳೆದು ಗಣಿಗೆ ವಿದ್ಯುತ್ ಕೊಟ್ಟರು. ಆ ಕಾಲಕ್ಕೆ ಅಷ್ಟು ದೂರದ ತಂತಿ ಪ್ರಪಂಚದಲ್ಲೇ ಅಪರೂಪ. ಯೋಜನೆಗೆ ಒತ್ತಾಸೆಯಾಗಿದ್ದ ದಿವಾನ್ ಶೇಷಾದ್ರಿ ಅಯ್ಯರ್ ಹಿಂದಿನ ವರ್ಷವೇ ತೀರಿಕೊಂಡಿದ್ದರು, ಕಣ್ಣಾರೆ ನೋಡಲಿಲ್ಲ. ಚಾಮರಾಜಪೇಟೆ ಎದ್ದು ಹತ್ತು ವರ್ಷವಾಗಿತ್ತು, ಪ್ಲೇಗಿನ ಕಾಲದ ಬಸವನಗುಡಿ, ಮಲ್ಲೇಶ್ವರಗಳು ಇನ್ನೂ ಹೊಸ ಬಡಾವಣೆಗಳು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ, ಅಂದರೆ ರಾಜಧಾನಿಗಿಂತ ಗಣಿಗೆ ಮೂರು ವರ್ಷ ಮೊದಲು! ನಮ್ಮೂರಿಗೋ? ಗಣಿಯ ದೀಪಗಳ ಬೆಳಕು ರಾತ್ರಿ ನಮ್ಮ ಹೊಲಕ್ಕೆ ಕಾಣುತ್ತಿತ್ತಂತೆ, ನಮ್ಮ ಅಜ್ಜಿ ಮಾತ್ರ ಸೀಮೆಎಣ್ಣೆ ಬುಡ್ಡಿಯಲ್ಲೇ ಆಯುಷ್ಯ ಕಳೆದರು. ನೀರಿನ ಕಥೆಯೂ ಹಾಗೇ. ಪಾಲಾರ್ ಹೊಳೆಯ ಬೇತಮಂಗಲದ ಕೆರೆಯಿಂದ ಗಣಿಗೆ ನೀರು ಹೋಯಿತು, ಸುತ್ತಲ ಹಳ್ಳಿಯವರು ಮಳೆ ನೋಡುತ್ತಾ ಕೂತರು.

ಹಾಗಂತ ಗಣಿಯನ್ನು ಬೈಯಲು ನಮಗೆ ಬಾಯಿ ಬರುವುದಿಲ್ಲ. ಒಂದು ಕಾಲಕ್ಕೆ ಮೂವತ್ತು ಸಾವಿರದ ಆಸುಪಾಸು ಜನ ಅಲ್ಲಿ ದುಡಿದರು. ಹೆಚ್ಚಿನವರು ತಮಿಳು ಸೀಮೆಯಿಂದ ಬಂದ ಬಡವರು, ಲೈನುಗಳಲ್ಲಿ ಇಕ್ಕಟ್ಟಾದ ಮನೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ಕೆಳಗೆ ಬಂಡೆಯೇ ಸುಡುವಷ್ಟು ಕಾವು. ಒತ್ತಡಕ್ಕೆ ಬಂಡೆ ಸಿಡಿದರೆ ಮೇಲಿನ ಮನೆಗಳೂ ನಡುಗುತ್ತಿದ್ದವು. ಅದರಿಂದ ಉಳಿದವರಿಗೆ ಕಲ್ಲಿನ ದೂಳು ಕುಡಿದು ಶ್ವಾಸಕೋಶದ ಕಾಯಿಲೆ. 1930ರಲ್ಲಿ ಬೆರಳಚ್ಚು ಕೊಡಬೇಕೆಂದಾಗ ‘ನಾವೇನು ಕಳ್ಳರೇ’ ಎಂಬಂತೆ ಸಾವಿರಾರು ಜನ ಕೆಲಸ ಬಿಟ್ಟು ಕೂತರು. ಓದುಬರಹ ಇಲ್ಲದವರು ಮಾನಕ್ಕಾಗಿ ಮಾಡಿದ ಮುಷ್ಕರ ಅದು.

ಅವರ ಮನೆಗಳಿಗೆ ಹಾಲು, ಸೊಪ್ಪು, ಸೌದೆ ಹೋಗುತ್ತಿದ್ದದ್ದು ನಮ್ಮಂಥ ಹಳ್ಳಿಗಳಿಂದ. ನಮ್ಮಪ್ಪ ಬೆಳಗಿನ ಜಾವ ಸೈಕಲ್ಲಿಗೆ ಕ್ಯಾನು ಕಟ್ಟಿ ರಾಬರ್ಟ್‌ಸನ್‌ಪೇಟೆ ದಾಟಿ ಲೈನುಗಳಿಗೆ ಹೋಗೋರು. ಅವರು ತಮಿಳಲ್ಲಿ ಕೇಳೋರು, ಅಪ್ಪ ತೆಲುಗಲ್ಲಿ ಉತ್ತರ ಕೊಡೋರು, ಲೆಕ್ಕ ಬರೆಯೋದು ಕನ್ನಡದಲ್ಲಿ. ಸಂಬಳದ ದಿನ ದುಡ್ಡು. ನಮ್ಮ ಸ್ಕೂಲ್ ಫೀಜು ಆ ದುಡ್ಡೇ.

1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ ಸರ್ಕಾರ ಗಣಿಯನ್ನು ವಹಿಸಿಕೊಂಡವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಮೊದಮೊದಲು ಟನ್ ಅದಿರಿಗೆ ನಲವತ್ತು ಗ್ರಾಂಗೂ ಮೇಲೆ ಸಿಗುತ್ತಿದ್ದ ಚಿನ್ನ ಕೊನೆಗೆ ಮೂರು ನಾಲ್ಕು ಗ್ರಾಮಿಗೆ ಇಳಿಯಿತು. ಆಳ ಹೆಚ್ಚಿದಂತೆ ಖರ್ಚೂ ಹೆಚ್ಚಿತು. 120 ವರ್ಷದಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಪಂಪು ನಿಂತವು, ಸುರಂಗಕ್ಕೆ ನೀರು ತುಂಬಿತು. ಸೈನೈಡ್ ದಿಬ್ಬಗಳು ಉಳಿದವು. ಬೇಸಿಗೆಯ ಗಾಳಿಗೆ ಅದರ ದೂಳು ಹಾರುವುದನ್ನು ಎಲ್ಲರೂ ಬಲ್ಲಿರಿ.

ಆ ಮಾರ್ಚಿಯಲ್ಲಿ ಅಪ್ಪ ಅರ್ಧ ಕ್ಯಾನು ಹಾಲು ವಾಪಸ್ ತಂದದ್ದು ನಮಗೆ ಚೆನ್ನಾಗಿ ಜ್ಞಾಪಕವಿದೆ. ಅವ್ವ ಮೊಸರು ಮಾಡಿದಳು, ತುಪ್ಪ ಕಾಯಿಸಿದಳು. ಎಷ್ಟು ದಿನ? ಊರಲ್ಲಿ ನಾಲ್ಕೈದು ಮನೆಯವರು ಹಸು ಮಾರಿಯೇಬಿಟ್ಟರು. ಆಗ ಹಿರಿಯರು ದೇವಸ್ಥಾನದ ಜಗಲಿಯಲ್ಲಿ ಕೂತು, ಕೋಲಾರದ ಹಾಲು ಒಕ್ಕೂಟಕ್ಕೆ ಹಾಕೋಣ, ಸಂಘ ಮಾಡೋಣ ಅಂತ ತೀರ್ಮಾನಿಸಿದರು. ಅಪ್ಪನಿಗೆ ಮೊದಲು ಇಷ್ಟವಿರಲಿಲ್ಲ. ‘ಮಿಷನ್ನಿಗೆ ಹಾಲು ಹಾಕಿದರೆ ಅದು ಮಾತಾಡುತ್ತದಾ’ ಅನ್ನೋರು.

ಲೈನಿನ ಹುಡುಗರು ಈಗ ಬೆಳಗಿನ ಜಾವ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ರಾತ್ರಿ ಬರುತ್ತಾರೆ. ಅಪ್ಪನ ಲೆಕ್ಕದ ಪುಸ್ತಕದಲ್ಲಿ ಹದಿನೇಳು ಮನೆಯ ಬಾಕಿ ಉಳಿದಿತ್ತು. ಅವರು ಯಾರನ್ನೂ ಕೇಳಲು ಹೋಗಲಿಲ್ಲ. ಎರಡು ವರ್ಷದ ಮೇಲೆ ಮೂರು ಮನೆಯವರು ತಾವಾಗಿ ಬಂದು ಕೊಟ್ಟು, ಊಟ ಮಾಡಿಕೊಂಡು ಹೋದರು. ಆ ಪುಸ್ತಕವನ್ನು ಸಂಘದ ಆಫೀಸಿನ ಬೀರುವಿನಲ್ಲಿ ಇಟ್ಟಿದ್ದೇವೆ. ನಿಮ್ಮ ಮನೆಯಲ್ಲೂ ಗಣಿಯ ಕಾಲದ ಚೀಟಿ, ಫೋಟೋ ಇದ್ದರೆ ದಯಮಾಡಿ ಕಾರ್ಯದರ್ಶಿಗಳ ಕೈಗೆ ಕೊಡಿ.