ಕೆಲಸದಲ್ಲಿ ಅಪಘಾತ, ಕಸುಬಿನ ಕಾಯಿಲೆ: ಮಾಲೀಕರು ಯಾರಿಗೆ, ಯಾವಾಗ ವರದಿ ಮಾಡಬೇಕು?

ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಪುಣೆಗೆ ಹೋದ ಅನೇಕರು ಕೋಥರೂಡದಂಥ ಬಡಾವಣೆಗಳಲ್ಲಿ ಕಟ್ಟಡ ಕೆಲಸ ಮಾಡುತ್ತಾರೆ. ಸಾರವೆಯಿಂದ ಬಿದ್ದವರನ್ನು ಆಸ್ಪತ್ರೆಗೆ ತಂದಾಗ ‘ಮನೆಯಲ್ಲಿ ಬಿದ್ದರು ಅಂತ ಹೇಳಿ, ಖರ್ಚು ನಾವು ನೋಡಿಕೊಳ್ಳುತ್ತೇವೆ’ ಎಂದು ಮುಕಾದಮರು ಹೇಳುವುದುಂಟು. ಹಾಗೆ ಬರೆಸಿದ ಒಂದು ಸಾಲು ಮುಂದೆ ಪರಿಹಾರಕ್ಕೆ ಅಡ್ಡಿಯಾಗಬಹುದು.

ಯಾವ ಅಪಘಾತವನ್ನು ವರದಿ ಮಾಡಬೇಕು?

ವೃತ್ತಿ ಸುರಕ್ಷತೆ ಮತ್ತು ಆರೋಗ್ಯ ಸಂಹಿತೆ, 2020 ಹಾಗೂ ಸಾಮಾಜಿಕ ಭದ್ರತಾ ಸಂಹಿತೆ, 2020 ಇವು 2025ರ ನವೆಂಬರ್ 21ರಂದು ಜಾರಿಗೆ ಬಂದವು. ಅದರಂತೆ:

- ಸಾವು ಸಂಭವಿಸಿದರೆ, ಅಥವಾ ಗಾಯದಿಂದ 48 ಗಂಟೆ ಅಥವಾ ಹೆಚ್ಚು ಹೊತ್ತು ಕೆಲಸ ಮಾಡಲಾಗದಿದ್ದರೆ, ಮಾಲೀಕರು ಸರ್ಕಾರದ ಅಧಿಕಾರಿಗೆ ಸೂಚನೆ ಕಳುಹಿಸಬೇಕು.
- ಸಾವು ಅಥವಾ ಗಂಭೀರ ಗಾಯವಾದರೆ ಪರಿಹಾರ ಪ್ರಾಧಿಕಾರಕ್ಕೆ 7 ದಿನಗಳೊಳಗೆ ವರದಿ ಹೋಗಬೇಕು. ಕೈಕಾಲಿನ ಮೂಳೆ ಮುರಿತ, ದೃಷ್ಟಿ ಅಥವಾ ಶ್ರವಣಕ್ಕೆ ಶಾಶ್ವತ ಹಾನಿ, 20 ದಿನಕ್ಕಿಂತ ಹೆಚ್ಚು ಕೆಲಸ ತಪ್ಪುವುದು ಗಂಭೀರ ಗಾಯದಲ್ಲಿ ಸೇರುತ್ತವೆ.
- ಇಎಸ್‌ಐ ಇದ್ದವರಿಗೆ ಮಾಲೀಕರು ಅಪಘಾತ ವರದಿ ಕೊಡಬೇಕು. ಕೆಲಸದ ಗಾಯವೆಂದು ಒಪ್ಪಿದರೆ, ಗುಣವಾಗುವವರೆಗೆ ಕೂಲಿಯ ಸುಮಾರು ಶೇ. 90ರಷ್ಟು ಭತ್ಯೆ ಸಿಗುತ್ತದೆ.

ಕಸುಬಿನ ಕಾಯಿಲೆ ಎಂದರೇನು?

ಕಲ್ಲು, ಟೈಲ್ಸ್ ಕತ್ತರಿಸುವಾಗ ಏಳುವ ದೂಳಿನಿಂದ ಬರುವ ಸಿಲಿಕೋಸಿಸ್, ಸೀಸದ ವಿಷ, ಸದ್ದಿನಿಂದಾಗುವ ಕಿವುಡುತನ, ಕೆಲಸದಿಂದ ಬರುವ ಚರ್ಮದ ಉರಿಯೂತ ಸಂಹಿತೆಯ ಮೂರನೇ ಅನುಸೂಚಿಯಲ್ಲಿವೆ. ಇವುಗಳ ಬಗ್ಗೆ ಮಾಲೀಕರಷ್ಟೇ ಅಲ್ಲ, ಚಿಕಿತ್ಸೆ ನೀಡುವ ವೈದ್ಯರೂ ತಡಮಾಡದೆ ಲಿಖಿತ ವರದಿ ಕೊಡಬೇಕು. ಕೆಲಸ ಬಿಟ್ಟವರಿಗೂ ಇದು ಅನ್ವಯ. ಸಿಲಿಕೋಸಿಸ್ ಕ್ಷಯದಂತೆ ಕಾಣಬಹುದು, ಎರಡೂ ಒಟ್ಟಿಗೆ ಇರಲೂಬಹುದು. ಆದ್ದರಿಂದ ಯಾವ ಕೆಲಸ, ಎಷ್ಟು ವರ್ಷ ಮಾಡಿದಿರಿ ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಿ.

ರೋಗಿ ಮತ್ತು ಮನೆಯವರು ಏನು ಮಾಡಬೇಕು?

1. ದಾಖಲಾಗುವಾಗಲೇ ‘ಕೆಲಸದ ಸ್ಥಳದಲ್ಲಿ ಗಾಯ’ ಎಂದು ದಿನಾಂಕ, ಸಮಯ, ಸ್ಥಳದೊಂದಿಗೆ ಬರೆಸಿ. ಮರಾಠಿ ಅಥವಾ ಇಂಗ್ಲಿಷಿನಲ್ಲಿ ಬರೆದಿದ್ದರೆ ಓದಿಸಿ ಕೇಳಿದ ಮೇಲೆ ಸಹಿ ಮಾಡಿ.
2. ಡಿಸ್ಚಾರ್ಜ್ ಚೀಟಿ, ಎಕ್ಸ್‌ರೇ, ಔಷಧಿ ಚೀಟಿ ಮತ್ತು ಬಿಲ್ಲುಗಳ ಮೂಲಪ್ರತಿ ನಿಮ್ಮ ಬಳಿಯೇ ಇರಲಿ. ಮುಕಾದಮರಿಗೆ ಜೆರಾಕ್ಸ್ ಕೊಡಿ.
3. ಹಾಜರಿ ಪುಸ್ತಕದ ಫೋಟೊ, ಕೂಲಿ ಬಂದ ಫೋನ್‌ಪೇ ದಾಖಲೆ, ಜತೆಗಾರರ ಹೆಸರು ಇಟ್ಟುಕೊಳ್ಳಿ.
4. ವರದಿಯ ಪ್ರತಿಯನ್ನು ಮಾಲೀಕರಿಂದ ಬರಹದಲ್ಲಿ ಕೇಳಿ.

ಮಾಲೀಕರು ವರದಿ ಮಾಡದಿದ್ದರೆ?

ಅದರಿಂದ ನಿಮ್ಮ ಹಕ್ಕು ಹೋಗುವುದಿಲ್ಲ. ಪುಣೆಯ ಕಾರ್ಮಿಕ ಇಲಾಖೆ ಕಚೇರಿಗೆ ನೀವೇ ದೂರು ಕೊಡಬಹುದು. ಕಾರ್ಖಾನೆಯಾದರೆ ಮಹಾರಾಷ್ಟ್ರದ ಕೈಗಾರಿಕಾ ಸುರಕ್ಷತೆ ಮತ್ತು ಆರೋಗ್ಯ ನಿರ್ದೇಶನಾಲಯಕ್ಕೆ ಕೊಡಿ. ಗುತ್ತಿಗೆದಾರರು ಕೈಚೆಲ್ಲಿದರೂ ಕೆಲಸ ವಹಿಸಿದ ಮುಖ್ಯ ಮಾಲೀಕರಿಂದ ಪರಿಹಾರ ಕೇಳಬಹುದು. ಪರಿಹಾರದ ಅರ್ಜಿಯನ್ನು ಸಾಮಾನ್ಯವಾಗಿ ಅಪಘಾತ ಅಥವಾ ಸಾವಿನ ದಿನದಿಂದ 2 ವರ್ಷದೊಳಗೆ ಹಾಕಬೇಕು. ಊರಿಗೆ ಮರಳಿ ಚಿಕಿತ್ಸೆ ಮುಂದುವರಿಸಿದರೂ ಈ ಗಡುವು ಮರೆಯಬೇಡಿ.